ಎರಡು ಲಕ್ಷದ ಹತ್ತೊಂಬತ್ತು ಸಾವಿರದ ನೂರ ಮೂವತ್ತೇಳು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇತ್ತು, ಆದರೆ ಅದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಉಳಿದವರ ಬಾಯಲ್ಲಿ ಅವರು ಭಾಗಾಕಾರ. ಮೊದಮೊದಲು ಅವರಿಗೆ ಮೈ ಉರಿಯುತ್ತಿತ್ತಂತೆ. ಆಮೇಲೆ, ಗುಣಾಕಾರ ಎಂದು ಕರೆಸಿಕೊಳ್ಳುವಷ್ಟು ಗುಣ ನಮ್ಮಲ್ಲೇನಿದೆ ಎಂದು ತಾವೇ ಸಮಾಧಾನ ಮಾಡಿಕೊಂಡರು. ಶಾಲೆಯಲ್ಲಿ ಗಣಿತದಲ್ಲೇ ಎರಡು ಸಲ ಡುಮ್ಕಿ ಹೊಡೆದವರು ಅವರು. ಇದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೂ ಗೊತ್ತಾಗುತ್ತಿತ್ತು, ಏಕೆಂದರೆ ಗಣಿತ ನಿಜಕ್ಕೂ ಬರುವವರು ಅದರ ಬಗ್ಗೆ ಇಷ್ಟೊಂದು ಮಾತಾಡುವುದಿಲ್ಲ.

ಹೊಲಿಗೆ ಯಂತ್ರ ಮಾಡುವ ಚಿಕ್ಕ ಕಾರ್ಖಾನೆ ಅದು. ಎಲ್ಲ ಭಾಗ ಜೋಡಿಸಿ, ಬಣ್ಣ ಒಣಗಿ, ಎಣ್ಣೆ ಬಿಟ್ಟು ಓಡಿಸಿ ನೋಡಿದ ಯಂತ್ರ ಕೊನೆಗೆ ಭಾಗಾಕಾರರ ಮೇಜಿಗೆ ಬರುತ್ತಿತ್ತು. ಬೆರಳಿನಷ್ಟು ಅಗಲದ ಹಿತ್ತಾಳೆ ಪಟ್ಟಿಯ ಮೇಲೆ ಉಕ್ಕಿನ ಅಂಕಿ ಪಂಚುಗಳನ್ನು ಒಂದೊಂದಾಗಿ ಇಟ್ಟು, ಸುತ್ತಿಗೆಯಿಂದ ಒಂದೊಂದೇ ಏಟು ಕೊಟ್ಟು, ಆ ಯಂತ್ರದ ಕ್ರಮಸಂಖ್ಯೆ ಕೆತ್ತಿ, ಪಟ್ಟಿಯನ್ನು ಎರಡು ಸ್ಕ್ರೂಗಳಿಂದ ಬಿಗಿಯುವುದು ಅವರ ಕೆಲಸ. ಆರಕ್ಕೂ ಒಂಬತ್ತಕ್ಕೂ ಪಂಚು ಒಂದೇ, ತಲೆಕೆಳಗು ಮಾಡಿದರಾಯಿತು. ಈ ವಿಷಯ ಹೇಳಿ, ಬದುಕಿನಲ್ಲಿ ತಲೆಕೆಳಗಾದವರೆಲ್ಲ ಹಾಳಾಗುವುದಿಲ್ಲ ನೋಡಿ ಎಂದು ಹೊಸಬರಿಗೆ ಉಪದೇಶ ಮಾಡುವುದು ಅವರ ಚಾಳಿ. ಹೊಸಬರು ಹ್ಞೂಂಗುಟ್ಟಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಮೂವತ್ತು ವರ್ಷ ಬರೀ ಸಂಖ್ಯೆಗಳನ್ನೇ ಕುಟ್ಟುತ್ತಾ ಕೂತ ಮನುಷ್ಯ ಏನು ಮಾಡಬೇಕು? ಭಾಗಾಕಾರರು ಅವುಗಳ ಜಾತಕ ನೋಡಲು ಶುರು ಮಾಡಿದರು. ಸಮಸಂಖ್ಯೆಗಳೆಂದರೆ ಅವರ ಲೆಕ್ಕದಲ್ಲಿ ದಾಕ್ಷಿಣ್ಯದವು, ಎರಡು ಎಂದು ಹೆದರಿಸಿದ ಕೂಡಲೇ ಅರ್ಧ ಬಿಟ್ಟುಕೊಡುತ್ತವೆ. ಐದರ ಗುಣಕಗಳು ಕಳ್ಳತನ ಮಾಡಿದರೂ ಸಿಕ್ಕಿಬೀಳುವಂಥವು, ಕೊನೆಯ ಅಂಕಿಯಲ್ಲೇ ಬಣ್ಣ ಬಯಲು. ಮೂರರ ಗುಣಕಗಳು ಒಳಗೊಳಗೇ ಇರುತ್ತವೆ, ಅಂಕಿಗಳನ್ನೆಲ್ಲ ಕೂಡಿಸಿದರೆ ಮಾತ್ರ ಬಾಯಿ ಬಿಡುತ್ತವೆ. ಒಮ್ಮೆ ಎರಡು ಲಕ್ಷದ ಹತ್ತು ಸಾವಿರದ ಇನ್ನೂರ ಹತ್ತು ಬಂದಿತ್ತು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಯಾವುದರಿಂದ ಭಾಗಿಸಿದರೂ ಏನೂ ಉಳಿಯದೆ ಹೋಗುತ್ತದೆ. ಅದನ್ನು ಕೆತ್ತುವಾಗ ಅವರು ಮುಖ ಸಿಂಡರಿಸಿಕೊಂಡೇ ಇದ್ದರು. ಬಾಗಿಲೇ ಇಲ್ಲದ ಮನೆ ಎಂದು ಅದಕ್ಕೆ ಹೆಸರಿಟ್ಟರು.

ಅವರ ಭಕ್ತಿಯೆಲ್ಲ ಅವಿಭಾಜ್ಯ ಸಂಖ್ಯೆಗಳ ಮೇಲೆ. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ. ಯಾರ ಮುಲಾಜೂ ಇಲ್ಲ, ಯಾರಿಗೂ ಪಾಲು ಕೊಡುವುದಿಲ್ಲ, ತಾನಾಯಿತು ತನ್ನ ಪಾಡಾಯಿತು. ಸೂಪರ್‌ವೈಸರ್ ಗದರಿದರೆ ಕೈಕಟ್ಟಿ ನಿಲ್ಲುವ, ಬಸ್ಸಿನಲ್ಲಿ ಯಾರಾದರೂ ಗುರಾಯಿಸಿದರೆ ಸೀಟು ಬಿಟ್ಟು ಏಳುವ ಮನುಷ್ಯನಿಗೆ ಇಂಥ ಸಂಖ್ಯೆ ಯಾಕೆ ಇಷ್ಟವಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೂ ಅದು ಗೊತ್ತಿತ್ತು. ನನ್ನ ಧೈರ್ಯವನ್ನೆಲ್ಲ ಹಿತ್ತಾಳೆ ಪಟ್ಟಿಯ ಮೇಲೆ ಠೇವಣಿ ಇಟ್ಟಿದ್ದೇನೆ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಈಗ ಆ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು, ಏಕೆಂದರೆ ಎಲ್ಲ ರಾಮಾಯಣವೂ ಅದರಿಂದಲೇ. ಹೆಚ್ಚು ಕಾಲ ದುಡಿದವರಿಗೆ ಅಲ್ಲಿ ಒಂದು ಹೊಲಿಗೆ ಯಂತ್ರವನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ಸಾಲಿನಲ್ಲಿ ಬರುವ ಯಾವ ಯಂತ್ರವನ್ನಾದರೂ ಕೈ ತೋರಿಸಿ ಇದು ನನ್ನದು ಎನ್ನಬಹುದು. ಆದರೆ ಕೆಲಸದಲ್ಲಿ ಇರುವಾಗಲೇ ಕೇಳಬೇಕು. ನಿವೃತ್ತಿಯ ದಿನ ಗೇಟು ದಾಟಿದರೆ ಆ ಹಕ್ಕೂ ಅಲ್ಲೇ ಮುಗಿಯಿತು. ಎಲ್ಲರೂ ಹಕ್ಕು ಬಂದ ವಾರವೇ ಯಂತ್ರ ಹೊತ್ತುಕೊಂಡು ಹೋದರು. ಸೂಜಿಗಳನ್ನು ಕೂರಿಸುವ ಫಿಟ್ಟರ್, ಅವರ ಏಕಮಾತ್ರ ಗೆಳೆಯ, ಹಕ್ಕು ಬಂದ ದಿನ ಸಂಜೆಯೇ ಒಯ್ದಿದ್ದ. ಭಾಗಾಕಾರರು ಮಾತ್ರ ನಾಲ್ಕು ವರ್ಷ ಕಾದರು. ಯೋಗ್ಯವಾದ ಸಂಖ್ಯೆ ಬರಲಿ ಎಂದು.

ಬರಲಿಲ್ಲವೆಂದಲ್ಲ. ಹನ್ನೆರಡು ಹದಿಮೂರಕ್ಕೆ ಒಂದರಂತೆ ಅವಿಭಾಜ್ಯಗಳು ಅವರ ಸುತ್ತಿಗೆಯ ಕೆಳಗೇ ಹಾದುಹೋಗುತ್ತಿದ್ದವು. ಆದರೆ ಆಸೆಗೆ ಬಾಲ ಬೆಳೆಯುತ್ತಾ ಹೋಯಿತು. ಬರೀ ಅವಿಭಾಜ್ಯವಾದರೆ ಸಾಲದು, ಅಂಕಿಗಳ ಮೊತ್ತವೂ ಅವಿಭಾಜ್ಯವಾಗಿರಲಿ. ಅದು ಸಿಕ್ಕಾಗ, ಕೊನೆಯ ಅಂಕಿ ಒಂದನ್ನೇ ನೋಡಿದರೂ, ಎರಡನ್ನು ನೋಡಿದರೂ, ಮೂರನ್ನು, ನಾಲ್ಕನ್ನು ನೋಡಿದರೂ ಅವಿಭಾಜ್ಯವೇ ಆಗಿರಲಿ. ಪುಕ್ಕಟೆ ಸಿಗುವ ವಸ್ತುವಿಗೆ ಇಷ್ಟು ಷರತ್ತು ಹಾಕುವವನು ದುಡ್ಡು ಕೊಟ್ಟು ಕೊಳ್ಳುವಂತಿದ್ದರೆ ಅಂಗಡಿಯವನಿಗೆ ಹುಚ್ಚೇ ಹಿಡಿಸುತ್ತಿದ್ದ ಎಂದು ಫಿಟ್ಟರ್ ಹೇಳುತ್ತಿದ್ದ.

ಇಷ್ಟೂ ಕಾಲ ಮನೆಯಲ್ಲಿ ಅವರ ಹೆಂಡತಿ ಕೆಟ್ಟ ಯಂತ್ರದ ಮೇಲೆ ಹೊಲಿಯುತ್ತಿದ್ದರು. ಬೀದಿಯವರು ಅವರನ್ನು ಟೇಲರಮ್ಮ ಎನ್ನುತ್ತಿದ್ದರು. ಆ ಹಳೆಯ ಯಂತ್ರ ನಾಲ್ಕು ಹೊಲಿಗೆ ಹಾಕಿ ಐದನೆಯದನ್ನು ನುಂಗುತ್ತಿತ್ತು. ಬೆಲ್ಟು ಹರಿದಲ್ಲಿ ನೂಲು ಸುತ್ತಿದ್ದರು, ಪೆಡಲಿನ ಒಂದು ಬದಿ ಮುರಿದು ತಂತಿ ಕಟ್ಟಿದ್ದರು. ದಪ್ಪ ಬಟ್ಟೆ ಬಂದರೆ ಬಲಗಾಲು ಸಂಜೆಗೆ ಊದಿಕೊಳ್ಳುತ್ತಿತ್ತು. ಹೊಲಿಗೆ ಯಂತ್ರದ ಕಾರ್ಖಾನೆಯವನ ಹೆಂಡತಿಯ ಗತಿ ಇದು ಎಂದು ಅವರು ಯಾರ ಮುಂದೆಯೂ ಹೇಳಲಿಲ್ಲ, ಗಂಡನ ಮುಂದೆ ಮಾತ್ರ ಹೇಳಿದರು. ಒಮ್ಮೆ ಬಿಚ್ಚಿದ ಹೊಲಿಗೆಯನ್ನು ಹಲ್ಲಿನಿಂದ ಕಡಿಯುತ್ತಾ ಕೇಳಿದರು:

"ಅಲ್ರೀ, ನಂಬರು ಎರಡರಿಂದ ಭಾಗ ಹೋದ್ರೆ ಹೊಲಿಗೆ ಬಿಟ್ಟುಹೋಗುತ್ತಾ?"

ಇಲ್ಲ ಎಂದರು ಭಾಗಾಕಾರರು. ಆದರೆ ಒಂದು ಸಲ ತರುವ ವಸ್ತು, ಜೀವನಪೂರ್ತಿ ಕಣ್ಣೆದುರು ಇರುವುದು, ಯಾವುದೋ ನಾಲ್ಕರ ಗುಣಕವನ್ನು ತಂದು ಇಟ್ಟರೆ ನಿನಗೆ ಮರ್ಯಾದೆಯೇ ಎಂದು ಇಲ್ಲದ ಮರ್ಯಾದೆಯ ಮಾತೆತ್ತಿದರು. ಟೇಲರಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಎದ್ದುಹೋದರು.

ನಿವೃತ್ತಿಗೆ ಇನ್ನೇನು ವಾರವೇ ಉಳಿಯಿತು. ಆಗ ಭಾಗಾಕಾರರಿಗೆ ಹೆದರಿಕೆ ಶುರುವಾಯಿತು. ಉಳಿದ ದಿನಗಳಲ್ಲಿ ಸಾಲಿಗೆ ಬರಬಹುದಾದ ಸಂಖ್ಯೆಗಳನ್ನೆಲ್ಲ ಮನಸ್ಸಿನಲ್ಲೇ ಜರಡಿ ಹಿಡಿದರು. ಅಂಕಿಗಳ ಷರತ್ತುಗಳನ್ನೆಲ್ಲ ದಾಟಿ ಉಳಿದದ್ದು ಒಂದೇ ಒಂದು: 2,19,137. ಏಳು ಅವಿಭಾಜ್ಯ. ಮೂವತ್ತೇಳು ಅವಿಭಾಜ್ಯ. ನೂರ ಮೂವತ್ತೇಳು, ಒಂಬತ್ತು ಸಾವಿರದ ನೂರ ಮೂವತ್ತೇಳು, ಎರಡೂ ಅವಿಭಾಜ್ಯ. ಅಂಕಿಗಳ ಮೊತ್ತ ಇಪ್ಪತ್ತಮೂರು, ಅದೂ ಅವಿಭಾಜ್ಯ. ಐದು ಅಂಕಿ ತೆಗೆದುಕೊಂಡರೆ ಹತ್ತೊಂಬತ್ತು ಸಾವಿರದ ನೂರ ಮೂವತ್ತೇಳು, ಅದು ಮಾತ್ರ ನಾಚಿಕೆಯಿಲ್ಲದೆ ಮೂರರಿಂದ ಭಾಗ ಹೋಗುತ್ತಿತ್ತು. ಷರತ್ತು ನಾಲ್ಕು ಅಂಕಿಗೇ ನಿಂತದ್ದು ಯಾಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲು ಹೋಗಲಿಲ್ಲ. ಇನ್ನು ಉಳಿದದ್ದು ಪೂರ್ತಿ ಸಂಖ್ಯೆಯ ಪರೀಕ್ಷೆ.

ಅದನ್ನು ರಜೆಯ ದಿನ ಮಧ್ಯಾಹ್ನ ಮನೆಯಲ್ಲಿ ನೆಲದ ಮೇಲೆ ಕೂತು ಮಾಡಿದರು. ಹೆಂಡತಿ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ, ಬರೆಯಲು ಕೆಂಪು ನೆಲ. ಎರಡು ಸಂಖ್ಯೆಗಳನ್ನು ಗುಣಿಸಿ 2,19,137 ಬರಬೇಕಾದರೆ ಅವುಗಳಲ್ಲಿ ಚಿಕ್ಕದು 468ನ್ನು ಮೀರುವಂತಿಲ್ಲ, ಮೀರಿದರೆ ಗುಣಲಬ್ಧವೂ ಮೀರುತ್ತದೆ. ಆದ್ದರಿಂದ ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿದರೆ ಸಾಕು. ಯಾವುದರಿಂದಲೂ ಹೋಗದಿದ್ದರೆ ಸಂಖ್ಯೆ ಗೆದ್ದಂತೆ. ಏಳರಿಂದ ಹೋಗಲಿಲ್ಲ, ಹನ್ನೊಂದರಿಂದ ಹೋಗಲಿಲ್ಲ. ನೂರು ದಾಟಿತು, ಇನ್ನೂರು ದಾಟಿತು. ಶೇಷ ಉಳಿದಾಗಲೆಲ್ಲ ಅವರು ತೊಡೆ ತಟ್ಟಿಕೊಳ್ಳುತ್ತಿದ್ದರು. 409 ಮುಗಿಯಿತು. ಮುಂದಿನದು 419 ಎಂದು ಬರೆದರು.

ಅಷ್ಟರಲ್ಲಿ ಟೇಲರಮ್ಮ ಕರೆದರು. ಯಾವುದೋ ವಸತಿಗೃಹದ ಪರದೆ, ಉದ್ದನೆಯ ಬಟ್ಟೆ, ಒಬ್ಬರೇ ಹಿಡಿದು ಕತ್ತರಿಸಲಾಗದು, ಇತ್ತ ಬಂದು ಒಂದು ತುದಿ ಹಿಡಿಯಿರಿ ಎಂದರು. ಭಾಗಾಕಾರರು ಗೊಣಗುತ್ತಾ ಎದ್ದರು. ಪ್ರಪಂಚದಲ್ಲಿ ನೆಟ್ಟಗೆ ಒಂದು ಲೆಕ್ಕ ಮಾಡಲು ಬಿಡುವವರಿಲ್ಲ ಎಂದು ಬಟ್ಟೆಯ ತುದಿ ಹಿಡಿದುಕೊಂಡೇ ಕೂಗಾಡಿದರು. ಕತ್ತರಿಸಿ ಮುಗಿದ ಬಟ್ಟೆಯನ್ನು ಟೇಲರಮ್ಮ ಎಳೆದುಕೊಂಡಾಗ ಅದರ ಅಂಚು ನೆಲದ ಮೇಲಿನ ಕೊನೆಯ ಸಾಲನ್ನು ಒರೆಸಿಕೊಂಡು ಹೋಯಿತು. ಭಾಗಾಕಾರರು ಮರಳಿ ಬಂದು ನೋಡಿದರೆ ಅಲ್ಲಿ ಬಿಳಿ ಮಸುಕು ಬಿಟ್ಟರೆ ಏನೂ ಇಲ್ಲ. ಅಳಿಸಿಹೋದದ್ದು 419ರ ಲೆಕ್ಕ, ಅದು ಮುಗಿದಿತ್ತಲ್ಲ ಎಂದುಕೊಂಡು, ಹೆಂಡತಿಯ ಮೇಲಿನ ಸಿಟ್ಟಿನಲ್ಲೇ ಮುಂದಿನ ಸಾಲಿನಲ್ಲಿ 421 ಬರೆದರು. ಸಂಜೆಯ ಹೊತ್ತಿಗೆ 467 ಮುಗಿಯಿತು. ಯಾವುದರಿಂದಲೂ ಭಾಗ ಹೋಗಲಿಲ್ಲ. ಭಾಗಾಕಾರರಿಗೆ ಕಣ್ಣು ಒದ್ದೆಯಾಯಿತು.

ಆ ಯಂತ್ರ ಸಾಲಿನಲ್ಲಿ ಬಂದದ್ದು ನಿವೃತ್ತಿಗೆ ಎರಡು ದಿನ ಮೊದಲು. ಇದು ನನ್ನದು ಎಂದು ಅವರು ಹೇಳಿದಾಗ ಇಡೀ ವಿಭಾಗ ಚಪ್ಪಾಳೆ ತಟ್ಟಿತು. ಬೀಳ್ಕೊಡುಗೆಯ ದಿನ ಸೂಪರ್‌ವೈಸರ್ ಎರಡು ಮಾತಾಡಿ ಎಂದದ್ದೇ ತಪ್ಪಾಯಿತು. ಭಾಗಾಕಾರರು ಮೂವತ್ತು ವರ್ಷದ ದುಡಿಮೆಯ ಬಗ್ಗೆ ಒಂದು ಮಾತೂ ಆಡದೆ 2,19,137ರ ಗುಣಗಾನಕ್ಕೆ ಇಳಿದರು. ಈ ಸಂಖ್ಯೆಯನ್ನು ಯಾರೂ ಮುರಿಯಲಾರರು, ಇದು ಯಾರಿಗೂ ತಲೆಬಾಗದು ಎಂದು ಅವರು ಹೇಳುವಾಗ ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೋಗಿದ್ದರು. ತಮ್ಮ ಜೀವನದಲ್ಲಿ ಸಭೆಯ ಮುಂದೆ ಮಾಡಿದ ಒಂದೇ ಭಾಷಣ, ಅದೂ ಪೂರ್ತಿ ಸುಳ್ಳು ಎಂದು ಅವರು ಈಗಲೂ ಹೇಳುತ್ತಾರೆ.

ಯಂತ್ರ ಮನೆಗೆ ಬಂತು. ಟೇಲರಮ್ಮ ಪೆಡಲಿನ ಮೇಲೆ ಕಾಲಿಟ್ಟು ನಾಲ್ಕು ಗೇಣು ಬಟ್ಟೆ ಓಡಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಒಂದೂ ಬಿಟ್ಟಿರಲಿಲ್ಲ. ಹಿತ್ತಾಳೆ ಪಟ್ಟಿಯನ್ನು ಸೆರಗಿನಿಂದ ಒರೆಸಿ, ಅಂತೂ ಬಂದ್ಯಲ್ಲ ಮಾರಾಯ್ತಿ ಎಂದರು. ಅದನ್ನು ಹೇಳಿದ್ದು ಯಂತ್ರಕ್ಕೆ. ಅವತ್ತಿನಿಂದ ಅವರು ಹೊಲಿಯುವಾಗ ಸಣ್ಣಗೆ ಗುನುಗುವುದು ಶುರುವಾಯಿತು. ಮದುವೆಯಾದ ಹೊಸದರಲ್ಲಿ ಕೇಳಿದ ಗುನುಗು ಅದು. ಅದು ನಿಂತದ್ದು ಯಾವಾಗ ಎಂದು ಭಾಗಾಕಾರರಿಗೆ ನೆನಪೇ ಇರಲಿಲ್ಲ. ನೆನಪಿಲ್ಲದ್ದಕ್ಕೆ ಅವರಿಗೆ ನಾಚಿಕೆಯಾಯಿತು.

ಕೆಲಸ ಬಿಟ್ಟ ಮನುಷ್ಯನಿಗೆ ಬೆಳಗ್ಗೆ ಹತ್ತು ಗಂಟೆ ಎಂಬುದು ದೊಡ್ಡ ಪೀಡೆ. ಒಂದು ದಿನ ಹೀಗೇ ಕೈಗೆ ಸೀಮೆಸುಣ್ಣ ತೆಗೆದುಕೊಂಡರು. ಹೊಸ ಸಂಖ್ಯೆಯ ಸಹವಾಸ ಬೇಡ, ಗೆದ್ದ ಸಂಖ್ಯೆಯನ್ನೇ ಇನ್ನೊಮ್ಮೆ ಗೆಲ್ಲಿಸಿ ಖುಷಿಪಡೋಣ ಎಂದು ಕೂತರು. ಮೂರು, ಏಳು, ಹನ್ನೊಂದು ಎಂದು ನಿಧಾನವಾಗಿ ಚಪ್ಪರಿಸುತ್ತಾ ಹೋದರು. 409 ಬಂತು. 419 ಬಂತು. ಐದು ಸಲ, ಉಳಿದದ್ದು ತೊಂಬತ್ತಾರು. ಮೂರನ್ನು ಇಳಿಸಿದರೆ ಎರಡು ಸಲ, ಉಳಿದದ್ದು ನೂರ ಇಪ್ಪತ್ತೈದು. ಏಳನ್ನು ಇಳಿಸಿದರೆ ಮೂರು ಸಲ. ಉಳಿದದ್ದು ಸೊನ್ನೆ.

ಅಳಿಸಿ ಮತ್ತೆ ಮಾಡಿದರು. ತಿರುಗಿ ಗುಣಿಸಿ ನೋಡಿದರು. ಕನ್ನಡಕ ತೆಗೆದು ಮಾಡಿದರು, ಕನ್ನಡಕದಲ್ಲೇನಾದರೂ ದೋಷವಿರಬಹುದೆಂದು. 419 ಇಂಟು 523 ಎಂದರೆ 2,19,137. ಎರಡು ಸಂಖ್ಯೆಗಳೂ ಅವಿಭಾಜ್ಯ, ಆದರೆ ಅವೆರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಮಹಾಸಂಖ್ಯೆ ಅಲ್ಲ. ಆಗ ಪರದೆಯ ಬಟ್ಟೆ ನೆನಪಾಯಿತು. ತಾವು ಕೂಗಾಡಿದ್ದು, ಬಿಳಿ ಮಸುಕು, 421, ಎಲ್ಲವೂ ನೆನಪಾಯಿತು.

ಅವತ್ತು ಊಟ ಸೇರಲಿಲ್ಲ. ಹುಡುಕಿದರೆ ಎಲ್ಲದಕ್ಕೂ ಒಂದು ಸಮಾಧಾನ ಸಿಗುತ್ತದಲ್ಲ, ಅವರೂ ಹುಡುಕಿದರು. ಒಂದು ಸಂಖ್ಯೆಯನ್ನು ಭಾಗಿಸುವ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿಸುವುದು ಇನ್ನೊಂದು ಬಗೆಯ ತೂಕ. ಮೊತ್ತ ಆ ಸಂಖ್ಯೆಗೇ ಸಮವಾದರೆ ಪರಿಪೂರ್ಣ, ಆರು, ಇಪ್ಪತ್ತೆಂಟು ಇದ್ದ ಹಾಗೆ. ಹೆಚ್ಚಾದರೆ ಸಮೃದ್ಧ, ಕಡಿಮೆಯಾದರೆ ನ್ಯೂನ. 2,19,137ಕ್ಕೆ ಕೂಡಿಸಿದರು: ಒಂದು, 419, 523. ಒಟ್ಟು 943. ಹೊರಗೆ ಎರಡು ಲಕ್ಷದ ಠೀವಿ, ಒಳಗೆ ಸಾವಿರವೂ ಇಲ್ಲ. ಇದು ನನ್ನದೇ ಜಾತಕ ಎಂದುಕೊಂಡರು. ಮರುಕ್ಷಣವೇ ಇನ್ನೊಂದು ಹೊಳೆಯಿತು. ತಾವು ಇಷ್ಟು ವರ್ಷ ಪೂಜಿಸಿದ ಅವಿಭಾಜ್ಯಗಳಿಗೆ ಇದೇ ತೂಕ ಹಿಡಿದರೆ? ಅವುಗಳ ಒಳಗಿರುವುದು ಒಂದು ಮಾತ್ರ. ಎಷ್ಟೇ ದೊಡ್ಡದಿರಲಿ, ಬರೀ ಒಂದು.

ಆದರೂ ಚಾಳಿ ಬಿಡಬೇಕಲ್ಲ. ಮರುದಿನ ಕಾರ್ಖಾನೆಯ ಗೇಟಿನಲ್ಲಿ ಫಿಟ್ಟರ್‌ನನ್ನು ಹಿಡಿದರು. ತಿಂಗಳೊಳಗೆ ಯಂತ್ರದಲ್ಲಿ ದೋಷ ಕಂಡರೆ ಹಿಂದೆ ಕೊಟ್ಟು ಬೇರೆ ತೆಗೆದುಕೊಳ್ಳಲು ಅವಕಾಶ ಇತ್ತು. ಫಿಟ್ಟರ್ ಗಾಬರಿಯಾಗಿ, ಸೂಜಿಯಲ್ಲಿ ತೊಂದರೆಯೇ, ಬಾಬಿನ್ ಸಿಕ್ಕಿಕೊಳ್ಳುತ್ತದೆಯೇ ಎಂದು ಕೇಳಿದ, ಅವನ್ನು ಕೂರಿಸಿದವನು ಅವನೇ ಆದ್ದರಿಂದ. ಭಾಗಾಕಾರರು ತಲೆ ತಗ್ಗಿಸಿ ವಿಷಯ ಹೇಳಿದರು. ಫಿಟ್ಟರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ತಂದುಬಿಡಿ, ಬದಲಾಯಿಸಿ ಕೊಡ್ತಾರೆ," ಎಂದ. "ಆದ್ರೆ ಮನೇಲಿ ಏನಂತ ಹೇಳಿ ತರ್ತೀರಿ? ನಾಲ್ಕು ವರ್ಷ ಕಾಯ್ಸಿದ್ದು ಇದಕ್ಕೇ ಅಂತ ಹೇಳಿದೋರು ನೀವೇ ತಾನೆ?"

ಆ ಮಾತು ದಾರಿಯುದ್ದಕ್ಕೂ ಚುಚ್ಚಿತು. ನಾಲ್ಕು ವರ್ಷ ಊದಿದ ಕಾಲು, ನುಂಗಿದ ಹೊಲಿಗೆ, ಬಿಚ್ಚಿ ಮತ್ತೆ ಹಾಕಿದ್ದು, ಎಲ್ಲಕ್ಕೂ ಅವರು ಕೊಟ್ಟ ಕಾರಣ ಒಂದೇ, ಆ ಸಂಖ್ಯೆ. ಈಗ ಅದೂ ಇಲ್ಲ. ಇನ್ನು ಹೆಂಡತಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಹೇಳದಿದ್ದರೆ ದಿನಾ ಆ ಪಟ್ಟಿ ಕಣ್ಣಿಗೆ ಬೀಳುತ್ತದೆ. ಹೇಳಿದರೆ ಮೂವತ್ತು ವರ್ಷದ ಜಂಬ ಒಂದೇ ಮಾತಿಗೆ ಮಣ್ಣುಪಾಲು. ಮನೆಯ ಮೆಟ್ಟಿಲ ಬಳಿ ನಿಂತರು. ಒಳಗಿನಿಂದ ಯಂತ್ರದ ಸದ್ದು ಒಂದೇ ಸಮನೆ ಬರುತ್ತಿತ್ತು, ಜೊತೆಗೆ ಗುನುಗು. ಆ ಯಂತ್ರವನ್ನು ಹೊತ್ತುಕೊಂಡು ಹೋಗಿ ಬದಲಾಯಿಸುವ ಯೋಚನೆ ಮಾಡಿದವನು ತಾನೇ ಎಂದು ನಂಬಲು ಅವರಿಗೆ ಆಗಲಿಲ್ಲ.

ಒಳಗೆ ಹೋಗಿ ಎದುರಿನ ಸ್ಟೂಲಿನ ಮೇಲೆ ಕೂತರು. ಚಕ್ರ ನಿಲ್ಲುವವರೆಗೆ ಕಾದು, ಎಲ್ಲವನ್ನೂ ಹೇಳಿದರು. 419 ಹೇಳಿದರು, 523 ಹೇಳಿದರು, ನೆಲದ ಲೆಕ್ಕ ಅಳಿಸಿದ್ದು ಹೇಳಿದರು, ತಾವು ಆ ಸಾಲನ್ನು ಮಾಡಿಯೇ ಇರಲಿಲ್ಲವೆಂದೂ ಹೇಳಿದರು. ನೀನು ಕರೆದದ್ದರಿಂದ ಹೀಗಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ಮಾತ್ರ ನುಂಗಿಕೊಂಡರು. ನಾನೊಬ್ಬ ದಡ್ಡ, ನಿನ್ನನ್ನು ಸುಮ್ಮನೆ ಕಾಯಿಸಿದೆ ಎಂದರು.

ಟೇಲರಮ್ಮ ದಾರ ಕತ್ತರಿಸಿ, ಬಟ್ಟೆ ಪಕ್ಕಕ್ಕಿಟ್ಟರು. ದಡ್ಡ ಎಂಬುದನ್ನು ಅಲ್ಲಗಳೆಯಲು ಅವರು ಹೋಗಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು. ಅವತ್ತು ಆ ಲೆಕ್ಕ ಸರಿಯಾಗಿ ಮಾಡಿದ್ದರೆ, ಭಾಗ ಹೋಗುತ್ತದೆ ಎಂದು ಗೊತ್ತಾಗಿದ್ದರೆ, ಆ ವಾರ ಬೇರೆ ಯಾವ ಯಂತ್ರ ತರುತ್ತಿದ್ದಿರಿ?

ಆ ವಾರ ಇನ್ನೊಂದು ಯೋಗ್ಯ ಸಂಖ್ಯೆ ಇರಲಿಲ್ಲ. ಇದೂ ಇಲ್ಲದಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದು ಭಾಗಾಕಾರರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹಾರ ಹಾಕಿಸಿಕೊಂಡು, ಬರಿಗೈಯಲ್ಲಿ ಗೇಟು ದಾಟಿ, ಪ್ರಪಂಚದಲ್ಲಿ ಒಳ್ಳೆಯ ಸಂಖ್ಯೆಗಳಿಗೆ ಕಾಲವಿಲ್ಲ ಎಂದು ಗೊಣಗುತ್ತಾ ಮನೆಗೆ ಬರುತ್ತಿದ್ದರು. ಸುಳ್ಳು ಹೇಳೋಣವೆಂದರೆ ಎದುರಿಗೆ ಕೂತವರು ಮೂವತ್ತು ವರ್ಷ ಜೊತೆಗೆ ಬಾಳಿದವರು.

"ಯಾವುದೂ ತರ್ತಿರ್ಲಿಲ್ಲ," ಎಂದರು.

"ಹ್ಞಾಂ," ಎಂದರು ಟೇಲರಮ್ಮ. "ಹಾಗಾದ್ರೆ ಈ ಮಷಿನ್ನು ತಂದೋರು ನೀವಲ್ಲ ಬಿಡಿ. ಪರದೆ ಹಿಡೀರಿ ಅಂತ ನಾನು ಕರೆದ್ನಲ್ಲ, ಅದಕ್ಕೆ ಬಂತು ಇದು."

ಭಾಗಾಕಾರರು ಹಿತ್ತಾಳೆ ಪಟ್ಟಿಯನ್ನು ನೋಡಿದರು. ಆ ಆರು ಅಂಕಿಗಳನ್ನು ಅವರ ಕೈಯೇ ಕೆತ್ತಿತ್ತು. ತಮ್ಮ ಇಡೀ ಜೀವನದಲ್ಲಿ ಮಾಡಿದ ಒಂದೇ ಒಳ್ಳೆಯ ಲೆಕ್ಕ ತಪ್ಪಾಗಿ ಮಾಡಿದ್ದು ಎಂದು ಅವರಿಗೆ ಹೊಳೆದು ನಗು ಬಂತು, ನಗುವಿನ ಜೊತೆಗೆ ಅಳುವೂ ಬಂತು. ಟೇಲರಮ್ಮ ಅದನ್ನು ಕಂಡೂ ಕಾಣದವರಂತೆ ಹೊಸ ಬಟ್ಟೆಯ ಗಂಟು ಬಿಚ್ಚಿ ನೆಲದ ಮೇಲೆ ಹಾಸಿದರು. ಅದು ಭಾಗಾಕಾರರು ಹಿಂದಿನ ದಿನ ಬರೆದಿಟ್ಟಿದ್ದ ಲೆಕ್ಕದ ಮೇಲೆಯೇ ಹರಡಿಕೊಂಡಿತು.

ಟೇಲರಮ್ಮ ಕರೆಯುವ ಮೊದಲೇ ಭಾಗಾಕಾರರು ಎದ್ದುಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡರು.